ಅಂಬವ್ವ ಕೊಟ್ಟ ಮಾತು

ಹೈದರಾಬಾದಿನ ತಾರ್ನಾಕದ ಆ ಓಣಿಯಲ್ಲಿ ಮನೆ ಬಾಡಿಗೆಗೆ ಕೊಟ್ಟವರಿಗೆಲ್ಲ ಸೂರ್ಯನಾರಾಯಣ ಗಾರು ಗುರುಸ್ಥಾನದಲ್ಲಿದ್ದರು. ಅವರಿಗೆ ಮೂರು ಮನೆ, ಮೂರಕ್ಕೂ ಬಾಡಿಗೆದಾರರು, ಮೂವರೊಂದಿಗೂ ಮಾತಿಲ್ಲ. ಇಷ್ಟು ಅನುಭವ ಇದ್ದವರು ಉಪದೇಶ ಮಾಡದೆ ಇನ್ಯಾರು ಮಾಡಬೇಕು? ನಲಿನಿಬಾಯಿಯವರ ಯಜಮಾನರು ತೀರಿಕೊಂಡು, ಮೇಲಿನ ಮನೆಯ ಉಸಾಬರಿ ಆಕೆಯ ತಲೆಗೆ ಬಂದ ವರ್ಷ, ಸೂರ್ಯನಾರಾಯಣ ಗಾರು ದಿನಾ ಸಂಜೆ ಕಾಂಪೌಂಡಿನ ಆಚೆ ನಿಂತು ಪಾಠ ಹೇಳಿದರು.

ಕರಾರು ಹನ್ನೊಂದು ತಿಂಗಳಿಗೆ ಮಾತ್ರ. ಅಡ್ವಾನ್ಸು ಕೈಗೆ ಬರುವವರೆಗೆ ಬೀಗದ ಕೈ ಕೊಡಬಾರದು. ಆಧಾರ್ ಕಾರ್ಡಿನ ಜೆರಾಕ್ಸ್ ತಗೊಂಡು ಠಾಣೆಗೆ ಒಂದು ಪ್ರತಿ ಮುಟ್ಟಿಸಬೇಕು. ನೀರಿನ ಮೋಟರಿನ ಸ್ವಿಚ್ಚು ಎಂದೆಂದಿಗೂ ಓನರ್ ಕೈಯಲ್ಲೇ ಇರಬೇಕು, ಅದು ಮೇಲಕ್ಕೆ ಹೋಯಿತೆಂದರೆ ನಾಳೆ ನೀವೇ ಅವರ ಬಾಗಿಲು ತಟ್ಟಿ ನೀರು ಕೇಳುತ್ತೀರಿ. ಬಾಡಿಗೆದಾರರ ಜೊತೆ ನಗಬಹುದು, ಆದರೆ ತಿನ್ನುವುದು ಉಣ್ಣುವುದು ಇಟ್ಟುಕೊಳ್ಳಬಾರದು. ಉಪ್ಪಿನಕಾಯಿ ಮೇಲೆ ಕೆಳಗೆ ಓಡಾಡಲು ಶುರುವಾಯಿತೆಂದರೆ ಬಾಡಿಗೆ ಏರಿಸಲು ನಾಲಗೆ ಏಳುವುದಿಲ್ಲ. ಇದನ್ನೆಲ್ಲ ಅವರು ತೆಲುಗಿನಲ್ಲಿ ಹೇಳುತ್ತಿದ್ದರು, ನಲಿನಿಬಾಯಿ ತಲೆಯಾಡಿಸುತ್ತಿದ್ದರು. ಅಬಿಡ್ಸಿನ ಟೆಲಿಫೋನ್ ಕಚೇರಿಯಲ್ಲಿ ಇಡೀ ನೌಕರಿ ಮುಗಿಸಿದ ಹೆಂಗಸು ಆಕೆ. ಫೈಲಿನ ಮುಂದೆ ಹುಲಿ, ಮನುಷ್ಯರ ಮುಂದೆ ಇಲಿ. ಯಾರ ಮುಖದ ಮೇಲೂ ಇಲ್ಲ ಎಂದವರಲ್ಲ.

ಕೊನೆಯ ಪಾಠ ಮಾತ್ರ ಸೂರ್ಯನಾರಾಯಣ ಗಾರು ದನಿ ಇಳಿಸಿ ಹೇಳಿದರು. "ಇದು ಕಾಗದದಲ್ಲಿ ಬರೆಯುವುದಲ್ಲ ಅಮ್ಮಾ, ಬಾಯಲ್ಲೇ ಹೇಳಬೇಕು. ಬರುವ ಸಂಸಾರದಲ್ಲಿ ವಯಸ್ಸಾದವರಿದ್ದರೆ ಮೊದಲ ದಿನವೇ ಹೇಳಿಬಿಡಿ. ಏನಾದರೂ ಹೆಚ್ಚುಕಡಿಮೆ ಆದರೆ ಆಸ್ಪತ್ರೆಯಿಂದ ನೇರ ಅವರ ಊರಿಗೆ. ಈ ಮನೆಗೆ ತರಕೂಡದು."

ಇದು ಅವರೊಬ್ಬರೇ ಕಟ್ಟಿದ ಕಾನೂನೇನೂ ಅಲ್ಲ. ಹೈದರಾಬಾದಿನಲ್ಲಿ ಬಾಡಿಗೆಗಿರುವ ಬಹಳ ಜನಕ್ಕೆ ಗೊತ್ತಿರುವ ಮಾತು. ಬಾಡಿಗೆ ಮನೆಯಲ್ಲಿ ಸಾವಾಗಬಾರದು, ಹೊರಗೆ ಸತ್ತವರ ಹೆಣವೂ ಒಳಗೆ ಬರಬಾರದು. ಕೆಟ್ಟ ನಕ್ಷತ್ರದಲ್ಲಿ ಜೀವ ಹೋಯಿತೆಂದರೆ ಮನೆಯನ್ನೇ ತಿಂಗಳುಗಟ್ಟಲೆ ಮುಚ್ಚಬೇಕು, ಆಮೇಲೂ ಅದಕ್ಕೆ ಯಾರೂ ಬರುವುದಿಲ್ಲ ಎಂಬ ಭಯ. ವರ್ಷಗಟ್ಟಲೆ ಬಾಡಿಗೆ ಕಟ್ಟಿದ ಮನೆಯ ಎದುರಿಗೇ, ರಸ್ತೆಯಲ್ಲಿ ಶಾಮಿಯಾನ ಹಾಕಿಸಿ, ತಮ್ಮವರ ಹೆಣ ಇಟ್ಟುಕೊಂಡು ಕೂತವರನ್ನು ನಲಿನಿಬಾಯಿಯೇ ಕಂಡಿದ್ದರು. ಕಂಡು, ಪಾಪ ಅಂದುಕೊಂಡು, ಬಸ್ಸಿಗೆ ತಡವಾಯಿತೆಂದು ಮುಂದೆ ನಡೆದಿದ್ದರು.

ಮೇಲಿನ ಮನೆ ನೋಡಲು ಬಂದವರು ಸಿಂದಗಿ ಕಡೆಯ ಲಿಂಗಾಯತರು. ಶಿವಪ್ರಕಾಶ ಬೀಜದ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವವನು, ಹೆಂಡತಿ ಕಾವ್ಯಾ ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರು, ಜೊತೆಗೆ ಶಿವಪ್ರಕಾಶನ ತಾಯಿ ಅಂಬವ್ವ. ಕನ್ನಡ ಕಿವಿಗೆ ಬಿದ್ದದ್ದೇ ತಡ, ಮನೆಯಲ್ಲಿ ಕನ್ನಡವನ್ನೇ ಆಡುವ ನಲಿನಿಬಾಯಿ ಅರ್ಧ ಸೋತರು. ಎಲ್ಲರಿಗೂ ಚಹಾ ಮಾಡಿದರು. ಸೂರ್ಯನಾರಾಯಣ ಗಾರು ನೋಡಿದ್ದರೆ ಅಲ್ಲಿಗೇ ಫೇಲ್ ಮಾಡುತ್ತಿದ್ದರು. ಕರಾರು, ಅಡ್ವಾನ್ಸು, ಮೋಟರು ಎಲ್ಲ ಮುಗಿಯಿತು. ಉಳಿದದ್ದು ಆ ಕೊನೆಯ ಮಾತು. ಅಂಬವ್ವ ಎದುರಿಗೇ ಕೂತಿದ್ದಳು. ಹಣೆ ತುಂಬ ವಿಭೂತಿ, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು, ಹೊಲದಲ್ಲಿ ದುಡಿದ ಗಟ್ಟಿ ತೋಳು.

"ಅದೂ... ಒಂದು ಮಾತು ಹೇಳೋದದರಿ," ಎಂದರು ನಲಿನಿಬಾಯಿ. "ನೀವು ತಪ್ಪು ತಿಳೀಬಾರದು. ಈಗ ಎಲ್ಲಾರೂ ಆರಾಮ ಇದ್ದೀರಿ ಖರೆ, ಆದ್ರೂ ಮುಂದ ಯಾವಾಗರೆ, ಏನರೆ... ಅಂದ್ರ, ಹಿರಿಯರಿಗೆ..."

ಶಿವಪ್ರಕಾಶ ತಲೆ ತಗ್ಗಿಸಿದ. ಹಿಂದಿನ ಮನೆಗಳಲ್ಲೂ ಆ ಮಾತನ್ನು ಅವನು ಕೇಳಿದ್ದ. ಅಂಬವ್ವ ಮಾತ್ರ ಬಸಿಯಲ್ಲಿದ್ದ ಚಹಾ ಸೊರ್ರೆಂದು ಹೀರಿ ಮುಗಿಸಿ ನಕ್ಕುಬಿಟ್ಟಳು.

"ಹಿಂಗ್ಯಾಕ ತಿಣುಕತೀರಿ ಬಾಯಾರ? ಮುದುಕಿ ಇಲ್ಲಿ ಸಾಯಬಾರದು, ಅಷ್ಟ ಹೌದಿಲ್ಲೊ? ತಗೋರಿ, ಮಾತು ಕೊಟ್ಟೆ. ನಿಮ್ಮ ಬಾಡಿಗಿ ಮನ್ಯಾಗ ನಾ ಸಾಯಂಗಿಲ್ಲ."

ಹೇಳಿದವಳೇ ಕೈ ಚಾಚಿ ನಲಿನಿಬಾಯಿಯ ಅಂಗೈ ಮೇಲೆ ತನ್ನ ಅಂಗೈ ತಟ್ಟಿದಳು. ಸಂತೆಯಲ್ಲಿ ಎತ್ತಿನ ವ್ಯಾಪಾರ ಕುದುರಿದ ಹಾಗಿತ್ತು. ಎಲ್ಲರೂ ನಕ್ಕರು, ನಲಿನಿಬಾಯಿಗೂ ಮನಸ್ಸು ಹಗುರಾಯಿತು. ತಾನು ಎಂಥ ಕೆಲಸ ಮಾಡಿದೆನೆಂದು ಆಕೆಗೆ ಅವತ್ತು ತಿಳಿಯಲಿಲ್ಲ. ಎದುರಿಗೆ ಕೂತು ಚಹಾ ಕುಡಿಯುತ್ತಿರುವ ಹೆಂಗಸಿನಿಂದ, ನೀನು ಇಲ್ಲಿ ಸಾಯಬೇಡ ಎಂದು ಮಾತು ತಗೊಳ್ಳುವುದು ಏನು ಸಣ್ಣ ವಿಷಯವೇ?

ಕೆಳಗಿನ ಮನೆಯವರಿಗೆ ಮೇಲಿನವರ ಸಂಸಾರವೆಲ್ಲ ಛತ್ತಿನಿಂದ ಕೇಳುತ್ತದೆ. ಬೆಳಕು ಹರಿಯುವ ಮುಂಚೆ ಅಂಬವ್ವ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ತಟತಟ ತಟತಟ, ಆಮೇಲೆ ಒಂದು ಸಣ್ಣ ತಡೆ, ಮತ್ತೆ ತಟತಟ. ನಲಿನಿಬಾಯಿಯ ಮಗಳು ಅಮಿತಾ ಮಾದಾಪುರದ ಕಂಪನಿಗೆ ಹೋಗುವವಳು. ಮೊದಲ ವಾರ, "ಅಮ್ಮಾ, ಮ್ಯಾಲಿನವ್ರಿಗೆ ಹೇಳು, ನಿದ್ದಿ ಕೆಡ್ತದ" ಎಂದು ಜಗಳ ತೆಗೆದಳು. ಎರಡನೆಯ ವಾರ ಅಲಾರಂ ಇಡುವುದನ್ನೇ ಬಿಟ್ಟು ಆ ಸದ್ದಿಗೆ ಏಳತೊಡಗಿದಳು. ಅಷ್ಟರಲ್ಲಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೆಳಗೆ ಬರಲು ಶುರುವಾಗಿ, ಹಚ್ಚಿದ ಅವಲಕ್ಕಿ, ಮೆಂತೆಹಿಟ್ಟು ಮೇಲೆ ಹೋಗಲು ಶುರುವಾಗಿ, ಸೂರ್ಯನಾರಾಯಣ ಗಾರು ಹೇಳಿದ್ದ ಪಾಠ ಗಾಳಿಗೆ ಹಾರಿತ್ತು.

ಅವರು ಹೆದರಿಸಿದ್ದು ಸುಳ್ಳಲ್ಲ. ಬಾಡಿಗೆ ಏರಿಸಲು ನಲಿನಿಬಾಯಿಗೆ ನಾಲಗೆ ಏಳಲೇ ಇಲ್ಲ. ಆದರೆ ದೀಪಾವಳಿ ಕಳೆದದ್ದೇ ಅಂಬವ್ವನೇ ಇಳಿದು ಬರುತ್ತಿದ್ದಳು. "ಈ ವರ್ಷ ಎಷ್ಟ ಏರಸ್ತೀರಿ ಹೇಳ್ರಿ. ಪಲ್ಯ ಏರೇತಿ, ಗ್ಯಾಸ್ ಏರೇತಿ, ನಿಮ್ಮದೊಂದ ಯಾಕ ಏರಂಗಿಲ್ಲ?" ಎಂದು ದಬಾಯಿಸಿ, ತನ್ನ ಮೇಲೆ ತಾನೇ ಬಾಡಿಗೆ ಏರಿಸಿಕೊಂಡು ಹೋಗುತ್ತಿದ್ದಳು. ಅಂಥ ಬಾಡಿಗೆದಾರಳು ಹೈದರಾಬಾದಿನಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಮೋಟರಿನ ಸ್ವಿಚ್ಚು ಕೆಳಗೇ ಇತ್ತು, ಹಾಕುವವಳು ಮಾತ್ರ ಅಂಬವ್ವ. ಟ್ಯಾಂಕು ತುಂಬಿ ಸುರಿಯುವ ಮೊದಲೇ ಅವಳಿಗೆ ಅದು ಹೇಗೋ ಗೊತ್ತಾಗುತ್ತಿತ್ತು.

ಸೂರ್ಯನಾರಾಯಣ ಗಾರು ಕಲಿಸದ ಪಾಠ ನಲಿನಿಬಾಯಿ ಅಂಬವ್ವನಿಂದ ಕಲಿತರು. ಒಮ್ಮೆ ಮೇಲಿನ ಬಚ್ಚಲಿನ ನಲ್ಲಿ ಸೋರುತ್ತಿದೆ ಎಂದು ಕಾವ್ಯಾ ಹೇಳಿದಳು. ನಾಳೆ ನಾಡಿದ್ದು ಎಂದು ದಿನ ಹೋದವು. ಆಗ ಅಂಬವ್ವ ಸಂಜೆ ಮೆಟ್ಟಿಲ ಮೇಲೆ ಸೊಪ್ಪು ಸೋಸುತ್ತ ಹೇಳಿದಳು. "ಬಾಯಾರ, ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ. ಬಾಡಿಗಿದಾರ ಒಂದ ಸಲ ಹೇಳಿದ್ದನ್ನ ಎರಡನೇ ಸಲ ಹೇಳಸಬ್ಯಾಡ್ರಿ. ಎರಡನೇ ಸಲ ಹೇಳೂದಂದ್ರ ಅವಗ ಬೇಡಿದಂಗ ಆಕ್ಕೈತಿ." ಮರುದಿನ ಪ್ಲಂಬರ್ ಬಂದ. ಅಂದಿನಿಂದ ಆ ಮನೆಯಲ್ಲಿ ಯಾವುದನ್ನೂ ಎರಡು ಸಲ ಕೇಳುವ ಪ್ರಸಂಗ ಬರಲಿಲ್ಲ. ಮೇಲೆ ಹೋಗುವ ಮುಂಚೆ ಫೋನ್ ಮಾಡಿಯೇ ಹೋಗಬೇಕೆಂಬುದು ನಲಿನಿಬಾಯಿ ತಾವೇ ಹಾಕಿಕೊಂಡ ನಿಯಮ. ಮನೆ ತನ್ನದಾದರೂ ಬಾಗಿಲು ಅವರದು ಎನ್ನುತ್ತಿದ್ದರು.

ಹೀಗೆ ವರ್ಷಗಳು ಉರುಳಿದವು. ಕರಾರನ್ನು ಹನ್ನೊಂದು ತಿಂಗಳಿಗೊಮ್ಮೆ ಹೊಸದು ಮಾಡಿಸುವುದು ಕೂಡ ಮರೆತುಹೋಯಿತು. ಆದರೆ ಈ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ರೊಟ್ಟಿಯ ಸದ್ದು ಬದಲಾಯಿತು. ಬಡಿತ ಮೆತ್ತಗೆ, ತಡೆ ಉದ್ದ. ಹಾಸಿಗೆಯಲ್ಲಿದ್ದ ನಲಿನಿಬಾಯಿಗೆ ಇದು ಅಂಬವ್ವನ ಕೈಯಲ್ಲವೆಂದು ಗೊತ್ತಾಯಿತು.

"ಅತ್ತಿಯವರಿಗೆ ಸ್ವಲ್ಪ ಕೈ ನೋವು ಆಂಟಿ," ಎಂದಳು ಕಾವ್ಯಾ. ಇನ್ನೊಂದು ದಿನ ಕೇಳಿದರೆ ಆಯಾಸ, ಮತ್ತೊಂದು ದಿನ ಕೇಳಿದರೆ ಶೀತ. ಅಂಬವ್ವ ಕೆಳಗೆ ಬರುವುದು ನಿಂತಿತು. ನಲಿನಿಬಾಯಿ ಫೋನ್ ಮಾಡಿ ಮೇಲೆ ಹೋದಾಗಲೆಲ್ಲ ಅವಳು ತಲೆ ಬಾಚಿ, ವಿಭೂತಿ ಇಟ್ಟುಕೊಂಡು, ದಿಂಬಿಗೆ ಒರಗಿ ಕೂತಿರುತ್ತಿದ್ದಳು. ನಾಲ್ಕು ಮಾತಾಡಿ ನಗುತ್ತಿದ್ದಳು. ಸೊರಗಿದ್ದೀರಲ್ಲ ಎಂದರೆ, "ನಿಮ್ಮ ಕಣ್ಣಿಗೆ ಚಷ್ಮಾ ಬಂದಾವ" ಎನ್ನುತ್ತಿದ್ದಳು.

ಒಂದು ಶುಕ್ರವಾರ ನಲಿನಿಬಾಯಿ ಹುಗ್ಗಿ ಮಾಡಿದ್ದರು. ಅಂಬವ್ವನಿಗೆ ಅದು ಪ್ರಾಣ. ಬಿಸಿಯಾಗಿರುವಾಗಲೇ ಕೊಡಬೇಕೆಂಬ ಆತುರಕ್ಕೆ ಫೋನ್ ಮಾಡುವುದು ಮರೆತು ಮೆಟ್ಟಿಲು ಹತ್ತಿದರು. ಬಾಗಿಲು ಓರೆಯಾಗಿತ್ತು. ಒಳಗೆ ಅಂಬವ್ವ ಕೂತಿರಲಿಲ್ಲ. ಮುಖ ಅಂಗೈ ಅಗಲಕ್ಕೆ ಸೊರಗಿ ಮಲಗಿದ್ದಳು, ಹೊಟ್ಟೆ ಮಾತ್ರ ಉಬ್ಬಿತ್ತು, ಕಾವ್ಯಾ ಬೋಗುಣಿ ಹಿಡಿದು ಪಕ್ಕದಲ್ಲಿ ಬಗ್ಗಿದ್ದಳು. ಗೋಡೆಯ ಬದಿಗೆ ಎರಡು ಬ್ಯಾಗುಗಳು ತುಂಬಿ ನಿಂತಿದ್ದವು. ನಲಿನಿಬಾಯಿ ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ಬಂದರು.

ಆಮೇಲೆ ಕಾವ್ಯಾ ಅಳುತ್ತ ಎಲ್ಲ ಹೇಳಿದಳು. ಹೊಟ್ಟೆಯಲ್ಲಿ ಗಡ್ಡೆ. ಡಾಕ್ಟರು ಇನ್ನು ಮಾಡುವುದೇನಿಲ್ಲ, ಮನೆಗೆ ಕರಕೊಂಡು ಹೋಗಿ ಎಂದಿದ್ದರು. ಊರಿನ ಮನೆ ಭಾಗವಾಗಿ ಮಾರಿಹೋಗಿತ್ತು. ಅಂಬವ್ವನ ತಮ್ಮ ಮಲ್ಲಣ್ಣನದು ಜೋಳದ ವ್ಯಾಪಾರ. ಊರ ಹೊರಗೆ ಅವನ ಗೋಡೌನಿನ ಹಿಂದೆ ಹಮಾಲರು ಇರುತ್ತಿದ್ದ ಕೋಣೆಯೊಂದಿತ್ತು. ಅದನ್ನು ಗುಡಿಸಿ ಸುಣ್ಣ ಹೊಡೆಸಿದ್ದರು. ಭಾನುವಾರ ಬೆಳಗ್ಗೆ ಅಲ್ಲಿಗೆ ಹೋಗುವುದು. ಎಲ್ಲ ಮುಗಿಯುವ ತನಕ ಮೂವರೂ ಅಲ್ಲೇ.

"ನನಗ್ಯಾಕ ಹೇಳ್ಲಿಲ್ಲ ಕಾವ್ಯಾ?"

"ಅತ್ತಿನೇ ಬ್ಯಾಡ ಅಂದ್ರು ಆಂಟಿ. ಬಾಯಾರಿಗೆ ಹೇಳಿದ್ರ ಅವರು ಇರ್ರಿ ಅಂತಾರ, ಇಟಗೊಂಡು ಆಮ್ಯಾಲ ತ್ರಾಸ ಪಡ್ತಾರ ಅಂದ್ರು. ನೀವು ಫೋನ್ ಮಾಡಿದ ಕೂಡ್ಲೆ ಅವರನ್ನ ಎಬ್ಬಿಸಿ ಕುಂದರಸ್ತಿದ್ವಿ."

ಮರ್ಯಾದೆಯೆಂದು ಮಾಡುತ್ತಿದ್ದ ಆ ಫೋನು ಆ ಜೀವವನ್ನು ಎಷ್ಟು ಸಲ ನೋವಿನಿಂದ ಎಬ್ಬಿಸಿ ಕೂರಿಸಿತೋ ಎಂದು ನಲಿನಿಬಾಯಿ ನೆನೆದರು. ಅಂಬವ್ವನ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು.

"ಎಲ್ಲಿಗೂ ಹೋಗೋದು ಬ್ಯಾಡ ಅಂಬವ್ವಾರ. ಆ ಮಾತು ನಾ ಬುದ್ಧಿಗೆಟ್ಟು ಕೇಳಿದ್ದು. ಅದನ್ನ ನಿಮಗ ವಾಪಸ್ ಕೊಟ್ಟೆ."

"ಕೊಟ್ಟಿದ್ದು ವಾಪಸ್ ತಗೊಳ್ಳೂದು ನಮ್ಮ ಮನಿತನದಾಗ ಇಲ್ರಿ," ಎಂದಳು ಅಂಬವ್ವ. ದನಿ ಸಣ್ಣಗಾಗಿತ್ತು, ಹಟ ಸಣ್ಣಗಾಗಿರಲಿಲ್ಲ. "ಮತ್ತ ನಾ ಸುಮ್ಮನ ಹಟ ಮಾಡಾಕತ್ತಿಲ್ಲ. ನಾ ಇಲ್ಲಿ ಹೋದೆ ಅಂದ್ರ ನಾಳೆ ಈ ಮನಿಗೆ ಯಾರು ಬರ್ತಾರ? ಬಾಡಿಗಿ ಮ್ಯಾಲ ನಿಮ್ಮ ಹೊಟ್ಟಿ ಐತಿ. ಅಮಿತಾನ ಲಗ್ನ ಆಗೂದೈತಿ. ನನ್ನ ಮಗ ಮುಂದ ಇನ್ನೊಂದು ಮನಿ ಕೇಳಾಕ ಹೋದಾಗ, ಇವರವ್ವ ಮಾತು ಕೊಟ್ಟು ಮುರದ್ಲು ಅಂತ ಯಾರೂ ಅನಬಾರದು. ನನಗ ಎಲ್ಲಿ ಸತ್ರೇನ್ರಿ? ಗೋಡೌನ್ಯಾಗ ಜ್ವಾಳದ ವಾಸನಿ ಬರ್ತೈತಿ. ಅದು ನನಗ ಹಿತ ಆಕ್ಕೈತಿ."

ನಲಿನಿಬಾಯಿ ಅತ್ತರು, ಬೈದರು, ದೇವರ ಆಣೆ ಹಾಕಿದರು. ಅಂಬವ್ವ ಅಲುಗಲಿಲ್ಲ. ಹುಗ್ಗಿ ಮಾತ್ರ ಎರಡು ಚಮಚ ತಿಂದಳು. "ಬೆಲ್ಲ ಕಮ್ಮಿ ಆಗೇತಿ" ಎಂದಳು.

ಕೆಳಗೆ ಬಂದು ನಲಿನಿಬಾಯಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತರು. ಸುಳ್ಳು ಯಾಕೆ ಹೇಳಬೇಕು, ಅಂಬವ್ವ ಒಲ್ಲೆ ಎಂದಾಗ ಅಳುವಿನ ನಡುವೆಯೂ ಆಕೆಯ ಎದೆಯ ಮೂಲೆಯಲ್ಲೊಂದು ಭಾರ ಇಳಿದಿತ್ತು. ಹೋಗಲಿ, ತಾನು ಹೇಳುವುದು ಹೇಳಿಯಾಯಿತು, ಮನೆ ಉಳಿಯಿತು ಎಂದು ಯಾರೋ ಒಳಗೇ ಪಿಸುಗುಟ್ಟಿದ್ದರು. ಆ ಪಿಸುಮಾತು ಕೇಳಿ ಆಕೆಗೆ ತನ್ನ ಮೇಲೇ ಹೇಸಿಗೆಯಾಯಿತು. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿದ್ದರೂ ಆರಿಸಲು ಕೈ ಏಳಲಿಲ್ಲ.

ಶನಿವಾರ ಅಮಿತಾ ಕರಾರಿನ ಕಾಗದ ತೆಗೆದು ಒಂದೊಂದೇ ಕಲಮು ಓದಿದಳು. "ಇದರಾಗ ಎಲ್ಲೂ ಹಂಗ ಬರದಿಲ್ಲಮ್ಮಾ. ಕಾನೂನಿನ ಪ್ರಕಾರ ಅವರು ಇರಬಹುದು. ನಾ ಹೋಗಿ ಅವರಿಗೆ ತಿಳಿಸಿ ಹೇಳ್ತೀನಿ."

"ಅಂಬವ್ವನ ಕರಾರು ಕಾಗದದ ಮ್ಯಾಲ ಇಲ್ಲವಾ," ಎಂದರು ನಲಿನಿಬಾಯಿ. "ನನ್ನ ಅಂಗೈ ಮ್ಯಾಲ ಅದ." ಅಂದು ಇಡೀ ಸಂಜೆ ನಡುಮನೆಯಲ್ಲಿ ಅಡ್ಡಾಡಿದರು. ಮಲಗುವ ಹೊತ್ತಿಗೆ ಕಿಟಕಿಯ ಪಕ್ಕದ ತಮ್ಮ ಹಾಸಿಗೆಯನ್ನು ಎತ್ತಿ ಬೇರೆ ಗೋಡೆಗೆ ಹಾಕಿಕೊಂಡರು.

ಭಾನುವಾರ ಬೆಳಗ್ಗೆ ಗೇಟಿನ ಮುಂದೆ ಗಾಡಿ ಬಂದು ನಿಂತಿತು. ಸೂರ್ಯನಾರಾಯಣ ಗಾರು ಪೇಪರ್ ಮಡಚಿಕೊಂಡು ಹೊರಗೆ ಬಂದರು. "ಒಳ್ಳೆ ಜನ ಅಮ್ಮಾ, ತಾವಾಗಿಯೇ ಹೋಗುತ್ತಿದ್ದಾರೆ," ಎಂದು ಮೆಲ್ಲಗೆ ಮೆಚ್ಚಿಕೊಂಡರು. ಅಂಬವ್ವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮುಂದೆ ಶಿವಪ್ರಕಾಶ, ಹಿಂದೆ ಮಲ್ಲಣ್ಣ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದರು. ಕಾವ್ಯಾ ಮೇಲಿನ ಬಾಗಿಲಿಗೆ ಬೀಗ ಹಾಕಿ ಬ್ಯಾಗು ಹಿಡಿದು ಹಿಂದೆ ಬಂದಳು. ಆ ಮನೆಯ ಮೆಟ್ಟಿಲು ಮುಗಿಯುವುದು ನಲಿನಿಬಾಯಿಯ ತಲೆಬಾಗಿಲ ಪಕ್ಕದಲ್ಲೇ. ಅಲ್ಲಿ ಕುರ್ಚಿ ಇಳಿಸಿ ಗಂಡಸರಿಬ್ಬರೂ ಉಸಿರು ತಗೊಂಡರು.

ನಲಿನಿಬಾಯಿ ಬಾಗಿಲಲ್ಲಿ ನಿಂತಿದ್ದರು. ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟಿದ್ದರು. ಮುಖ ಮಾತ್ರ ಬಿಳಚಿಕೊಂಡಿತ್ತು.

"ಬೀಗದ ಕೈ ಕೊಡು ಕಾವ್ಯಾ," ಎಂದರು.

ಕಾವ್ಯಾ ಕಕ್ಕಾಬಿಕ್ಕಿಯಾಗಿ ಗಂಡನ ಮುಖ ನೋಡಿದಳು. ಸಾಮಾನೆಲ್ಲ ಮೇಲೇ ಇತ್ತು. ಇಷ್ಟು ಬೇಗ ಬೀಗದ ಕೈ ಕೇಳುವರೆಂದು ಅವಳು ನೆನೆಸಿರಲಿಲ್ಲ. ಶಿವಪ್ರಕಾಶ ತುಟಿ ಕಚ್ಚಿ, ಕೊಡು ಎಂಬಂತೆ ತಲೆಯಾಡಿಸಿದ. ಬೀಗದ ಕೈ ನಲಿನಿಬಾಯಿಯ ಕೈಗೆ ಬಂತು.

"ಅಂಬವ್ವಾರ, ಮ್ಯಾಲಿನ ಮನಿ ಬಿಟ್ಟು ಇಳದ್ರಿ. ಹೌದಿಲ್ಲೊ?"

"ಹೌದ್ರಿ."

"ನೀವು ಕೊಟ್ಟ ಮಾತು ಉಳೀತು. ಹೌದಿಲ್ಲೊ?"

"ಉಳೀತ್ರಿ ಬಾಯಾರ."

"ಅಂದ್ರ ಈಗ ನೀವು ನನ್ನ ಬಾಡಿಗಿದಾರರಲ್ಲ." ನಲಿನಿಬಾಯಿ ಹಿಂದೆ ತಿರುಗಿ ಬಾಗಿಲಿನ ಎರಡೂ ರೆಕ್ಕೆ ತೆರೆದರು. ನಡುಮನೆಯಲ್ಲಿ ಕಿಟಕಿಯ ಬದಿಗೆ ಒಗೆದ ಚಾದರ ಹಾಸಿದ ಮಂಚ ಕಾಣುತ್ತಿತ್ತು. "ಇದು ಬಾಡಿಗಿ ಮನಿ ಅಲ್ಲರಿ. ಇದು ನಾ ಇರೋ ಮನಿ. ಒಳಗ ಬರ್ರಿ."

ಗೇಟಿನ ಬಳಿ ಸೂರ್ಯನಾರಾಯಣ ಗಾರು ಮಡಚಿದ ಪೇಪರನ್ನು ಮತ್ತೆ ಬಿಚ್ಚಿದರು. ಅಂಬವ್ವ ಒಳಗಿನ ಮಂಚ ನೋಡಿದಳು, ನಲಿನಿಬಾಯಿಯ ಮುಖ ನೋಡಿದಳು, ತಲೆ ಅಡ್ಡಡ್ಡ ಆಡಿಸಿದಳು.

"ಬ್ಯಾಡ್ರಿ. ನಿಮ್ಮ ಮಂದಿ ಏನಂದಾರು? ಆ ಸೂರ್ಯನಾರಾಯಣ ಅಲ್ಲೇ ನಿಂತಾನ ನೋಡ್ರಿ."

"ಅಂಬವ್ವಾರ, ನನಗ ನಿಮ್ಮಂಗ ವಾದ ಮಾಡ್ಲಿಕ್ಕೆ ಬರೂದಿಲ್ಲ." ನಲಿನಿಬಾಯಿ ಕುರ್ಚಿಯ ಕೈ ಹಿಡಿದುಕೊಂಡರು. "ನನಗ ಅಂಜಿಕಿ ಅದ. ಇಲ್ಲ ಅನ್ನೂದಿಲ್ಲ. ಆದ್ರ ನೀವು ಆ ಗೋಡೌನ್‌ಗೆ ಹೋದ ಮ್ಯಾಲೆ ಈ ಮನ್ಯಾಗ ನನಗ ಒಂದು ತುತ್ತು ಇಳಿಯೂದಿಲ್ಲ. ಬರ್ರಿ. ಎರಡನೇ ಸಲ ಹೇಳಸಬ್ಯಾಡ್ರಿ."

ಅಂಬವ್ವನ ಕಣ್ಣು ತುಂಬಿ ಬಂದವು. ಆದರೂ ಅವಳು ಅಂಬವ್ವನೇ.

"ಏ ಮಲ್ಲಣ್ಣಾ, ಏನ್ ನೋಡಾಕತ್ತಿ?" ಎಂದು ತಮ್ಮನನ್ನು ಗದರಿದಳು. "ಕುರ್ಚಿ ಎತ್ತು. ಬಾಯಾರ ಕೈ ನಡಗಾಕತ್ತಾವ."

ಕಾವ್ಯಾಳಿಗೆ ಬೀಗದ ಕೈ ವಾಪಸ್ಸು ಸಿಕ್ಕಿತು. ಶಿವಪ್ರಕಾಶ ಕಾಲು ಮುಟ್ಟಲು ಬಗ್ಗಿದ, ನಲಿನಿಬಾಯಿ ಅವನನ್ನು ಗಾಡಿಯವನಿಗೆ ಹೋಗೆಂದು ಹೇಳಲು ಓಡಿಸಿದರು.

ಆಮೇಲಿನ ದಿನಗಳು ಬಹಳವೇನೂ ಇರಲಿಲ್ಲ, ಆದರೆ ಚೆನ್ನಾಗಿದ್ದವು. ಅಂಬವ್ವನಿಗೆ ಈಗ ಯಾರಿಗಾಗಿಯೂ ಎದ್ದು ಕೂರಬೇಕಿರಲಿಲ್ಲ. ಔಷಧಿ ಕೊಡುವುದು, ಮೈ ಒರೆಸುವುದು, ಸೀರೆ ಬದಲಿಸುವುದು ಕಾವ್ಯಾ ಮತ್ತು ನಲಿನಿಬಾಯಿ ಪಾಳಿ ಹಾಕಿಕೊಂಡು ಮಾಡಿದರು. ಬೆಳಗ್ಗೆ ಛತ್ತಿನ ಮೇಲೆ ಸೊಸೆಯ ರೊಟ್ಟಿಯ ಸದ್ದು ಶುರುವಾದದ್ದೇ ಅಂಬವ್ವ ಕಣ್ಣು ಮುಚ್ಚಿಕೊಂಡೇ ತೀರ್ಪು ಕೊಡುತ್ತಿದ್ದಳು. "ಕೇಳ್ರಿ, ಹಿಟ್ಟು ಸರಿ ನಾದಿಲ್ಲ. ಅಂಚು ಸೀಳ್ತೈತಿ ಅದು." ಕೆಳಗೆ ಬಂದ ರೊಟ್ಟಿಯ ಅಂಚು ನಿಜವಾಗಿಯೂ ಸೀಳಿರುತ್ತಿತ್ತು. ಒಂದು ದಿನ ಅವಳಿಗೆ ಹೊಸ ಯೋಚನೆ ಬಂತು. "ಅಲ್ರೀ ಬಾಯಾರ, ಇಲ್ಲಿಗೆ ಎಲ್ಲಾ ಕೇಳಸ್ತೈತಿ! ಇಷ್ಟು ವರ್ಷ ನಾವು ಜಗಳಾಡಿದ್ದೆಲ್ಲ ಕೇಳೀರೇನು ನೀವು?"

"ಎಲ್ಲಾ ಕೇಳೀನಿ," ಎಂದರು ನಲಿನಿಬಾಯಿ. "ನೀವು ಸೊಸಿಗೆ ಬೈದಿದ್ದೂ, ಆಮ್ಯಾಲ ಹೋಗಿ ಆಕಿ ತಲಿಗೆ ಎಣ್ಣಿ ಹಚ್ಚಿದ್ದೂ."

"ಎಣ್ಣಿ ಹಚ್ಚಿದ್ದಕ್ಕ ಎಲ್ಲಿ ಸಪ್ಪಳಾಗತೈತ್ರಿ?" ಎಂದು ಅಂಬವ್ವ ನಕ್ಕಳು. ನಗಲು ನೋವಾಗಿ ಹೊಟ್ಟೆ ಹಿಡಿದುಕೊಂಡಳು, ಆದರೂ ನಕ್ಕಳು.

ಯುಗಾದಿಗೆ ಇನ್ನೂ ಸ್ವಲ್ಪ ದಿನವಿದ್ದಾಗ, ಬಿಸಿಲೇರಿದ ಹೊತ್ತಿನಲ್ಲಿ ಅವಳು ಹೋದಳು. ನಲಿನಿಬಾಯಿ ಮಂಚದ ಪಕ್ಕ ಕೂತು ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದರು. ಕಾವ್ಯಾ ತಲೆದೆಸೆಯಲ್ಲಿದ್ದಳು. ನೀರು ಎಂದಳು ಅಂಬವ್ವ, ಕಾವ್ಯಾ ಚಮಚದಲ್ಲಿ ಹಾಕಿದಳು, ಎರಡನೆಯ ಚಮಚ ತುಟಿಯಿಂದ ಹೊರಗೆ ಹರಿಯಿತು. ಅಷ್ಟೇ.

ಹಿಂದಿನ ದಿನವೇ ಅಕ್ಕನನ್ನು ನೋಡಲು ಬಂದಿದ್ದ ಮಲ್ಲಣ್ಣ, ಬಾಡಿಗೆಯವರ ಹೆಣ ಹೊರಗೇ ಇಡಬೇಕೆಂದುಕೊಂಡು, ಗೇಟಿನ ಹೊರಗೆ ಶಾಮಿಯಾನಕ್ಕೆ ಜಾಗ ನೋಡತೊಡಗಿದ. ನಲಿನಿಬಾಯಿ ಅವನನ್ನು ಒಳಗೆ ಕರೆದರು. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ನಡುಮನೆಯ ಗೋಡೆಗೆ ಒರಗಿಸಿ ಅಂಬವ್ವನನ್ನು ಕೂರಿಸಿದರು, ಹಣೆಗೆ ವಿಭೂತಿ ಬಳಿದು ಹೂ ಹಾಕಿದರು. ಅವರ ಕಡೆಯ ಜನ ಸೇರಿ ತಾಳ ಹಿಡಿದು ಭಜನೆ ಶುರುಮಾಡಿದರು. ತೆರೆದ ಬಾಗಿಲಿಂದ ಓಣಿಯೆಲ್ಲ ಅದನ್ನು ಕಂಡಿತು. ಬಾಡಿಗೆದಾರರ ಸಾವು ಓನರ್ ಮನೆಯ ನಡುಮನೆಯಲ್ಲಿ ಕೂತದ್ದನ್ನು ಆ ಓಣಿ ಹಿಂದೆಂದೂ ಕಂಡಿರಲಿಲ್ಲ.

ಸೂರ್ಯನಾರಾಯಣ ಗಾರು ಫೋನಿನಲ್ಲಿ ಪಂಚಾಂಗ ನೋಡಿಕೊಂಡೇ ಬಂದರು. ಹೊಸ್ತಿಲ ಹೊರಗೆ ನಿಂತು ದನಿ ಇಳಿಸಿದರು. "ಧನಿಷ್ಠಾ ನಕ್ಷತ್ರ ಅಮ್ಮಾ. ಮನೆ ಮುಚ್ಚಬೇಕಾಗುತ್ತದೆ. ಮೇಲಿನದಲ್ಲ, ನಿಮ್ಮದೇ."

ಆ ನಕ್ಷತ್ರಕ್ಕೆ ನಲಿನಿಬಾಯಿ ನಿಜಕ್ಕೂ ಹೆದರುತ್ತಿದ್ದರು. ಅಮಿತಾಳ ಮುಖ ಕಣ್ಣ ಮುಂದೆ ಬಂತು. ಆದರೆ ಒಳಗೆ ಕೂತ ಅಂಬವ್ವನ ಮುಖವೂ ಕಾಣುತ್ತಿತ್ತು, ಅದು ಶಾಂತವಾಗಿತ್ತು.

"ಮುಚ್ಚುತ್ತೇನೆ ಬಿಡಿ," ಎಂದರು ತೆಲುಗಿನಲ್ಲಿ. "ಒಳಗೆ ಕೂತು ಚಿಲಕ ಹಾಕಿಕೊಳ್ಳುತ್ತೇನೆ."

ಸೂರ್ಯನಾರಾಯಣ ಗಾರು ಹೊರಟುಹೋದರು. ಸ್ವಲ್ಪ ಹೊತ್ತಿಗೆ ಅವರ ಮನೆಯಿಂದ ಕುರ್ಚಿಗಳು, ಕುಡಿಯುವ ನೀರಿನ ಕ್ಯಾನುಗಳು ಬಂದವು. ಆಮೇಲೆ ಅವರೇ ಬಂದು ಚಪ್ಪಲಿ ಬಿಟ್ಟು, ಒಳಗೆ ಬಾರದೆ, ಬಾಗಿಲ ಹೊರಗೆ ಒಂದು ಕುರ್ಚಿಯಲ್ಲಿ ಭಜನೆ ಮುಗಿಯುವವರೆಗೆ ಕೂತರು. ಪಾಪ, ಅವರಿಂದ ಆಗುವುದು ಅಷ್ಟು.

ಸಂಜೆಗೆ ಮಣ್ಣು ಮಾಡಿ ಬಂದರು. ಲಿಂಗಾಯತರಿಗೆ ಸೂತಕವಿಲ್ಲ, ಲಿಂಗ ಕಟ್ಟಿದವರು ಸಾಯುವುದಿಲ್ಲ, ಲಿಂಗದಲ್ಲಿ ಸೇರುತ್ತಾರೆ ಎಂಬ ನಂಬಿಕೆ. ಹಾಗಾಗಿ ಮರುದಿನ ಕಾವ್ಯಾ ಎಂದಿನಂತೆ ಮಿಂದು, ಲಿಂಗಪೂಜೆ ಮಾಡಿ, ಅಳು ಬಂದಾಗ ಅತ್ತು, ರೊಟ್ಟಿ ಬಡಿದಳು. ಎರಡು ರೊಟ್ಟಿ ತಟ್ಟೆಯಲ್ಲಿಟ್ಟುಕೊಂಡು ಕೆಳಗೆ ಬಂದಳು.

ನಲಿನಿಬಾಯಿ ನಡುಮನೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಒಬ್ಬರೇ ಕೂತಿದ್ದರು. ಮಿಂದ ಒದ್ದೆ ಕೂದಲು ಬಿಚ್ಚಿಕೊಂಡಿತ್ತು. ದೇವರಕೋಣೆಯ ಬಾಗಿಲು ಮುಚ್ಚಿತ್ತು, ದೀಪ ಹಚ್ಚಿರಲಿಲ್ಲ. ಅಡುಗೆಮನೆಯಲ್ಲಿ ಅಮಿತಾ ತಡವರಿಸಿಕೊಂಡು ಅನ್ನಕ್ಕಿಡುತ್ತಿದ್ದಳು.

"ನೀನರೆ ಹೇಳು ಕಾವ್ಯಾ," ಎಂದಳು ಅಮಿತಾ ಹೊರಗೆ ಬಂದು. "ನಿನ್ನೆ ಸ್ನಾನ ಮಾಡಿದ್ರ ಮುಗೀತು, ನಮಗ ಸಂಬಂಧ ಇಲ್ಲ ಅಂತ ಭಟ್ಟರೂ ಫೋನಿನ್ಯಾಗ ಹೇಳಿದ್ರು. ಅಮ್ಮ ಕೇಳವಲ್ಲಳು. ಯಾರನ್ನೂ ಮುಟ್ಟೂದಿಲ್ಲ ಅಂತಾಳ."

ಕಾವ್ಯಾ ತಟ್ಟೆ ಕೆಳಗಿಟ್ಟು ಚಾಪೆಯ ಎದುರಿಗೆ ಕೂತಳು.

"ಹಿಂಗ್ಯಾಕ ಕುಂತೀರಿ ಆಂಟಿ? ಅತ್ತಿ ಲಿಂಗೈಕ್ಯ ಆದ್ರು. ಅವರ ಸೊಸಿ ನಾ, ನನಗ ಸೂತಕ ಇಲ್ಲ. ಅವರ ಮಗಗ ಇಲ್ಲ."

ನಲಿನಿಬಾಯಿ ಸೆರಗಿನಿಂದ ಮುಖ ಒರೆಸಿಕೊಂಡರು.

"ನಮ್ಮೊಳಗ, ಗಂಡನ ಮನಿಗೆ ಕೊಟ್ಟ ಅಕ್ಕ ಹೋದ್ರ ಮೂರು ದಿನ ಸೂತಕ ಕೂಡಬೇಕು," ಎಂದರು. "ನಿಮಗ ಇರಲಿಕ್ಕಿಲ್ಲ ಕಾವ್ಯಾ. ನನಗ ಅದ."